ಮರಿಗಳನ್ನು ಮುತ್ತತ್ತಿಗೆ ಒಯ್ಯಲಿಲ್ಲ

ಹಲಗೂರು ಕಡೆಯಿಂದ ಫೋನ್ ಬಂದಾಗ ಬೆಳಿಗ್ಗೆ ಹತ್ತು ಗಂಟೆ. ಕಬ್ಬು ಕಡಿಯುವಾಗ ತರಗಿನ ಮೇಲೆ ಎರಡು ಚಿರತೆ ಮರಿ ಸಿಕ್ಕಿವೆಯಂತೆ. ಅರಣ್ಯ ಇಲಾಖೆಯವರ ಜೊತೆ ಇಂಥ ಕೆಲಸಕ್ಕೆ ಹೋಗುವವನು ನಾನು. ಫೋನಿನಲ್ಲೇ ಎರಡು ಮಾತು ಹೇಳಿದೆ: ಮರಿ ಮುಟ್ಟಬೇಡಿ, ಕಟಾವು ನಿಲ್ಲಿಸಿ.

ನಾವು ಹೋಗುವಷ್ಟರಲ್ಲಿ ಜನ ಸೇರಿದ್ದರು. ಗದ್ದೆ ಯಜಮಾನರು, "ಸಾ, ಮುತ್ತತ್ತಿ ಕಾಡ್ಗೆ ಬುಟ್ಬುಡಿ. ಹೊಳೆ ಐತೆ, ಬಂಡೆ ಐತೆ, ಸುಖವಾಗಿರ್ತವೆ" ಅಂದರು.

ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ? ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುತ್ತತ್ತಿ ಹತ್ತಿರ ಬೆಟ್ಟಗಳ ನಡುವೆ ಹರಿಯುತ್ತಾಳೆ. ದಡದ ತುಂಬ ಹೊಳೆಮತ್ತಿ ಮರಗಳ ನೆರಳು. ಅರ್ಕಾವತಿ ಬಂದು ಸೇರುವ ಸಂಗಮ ದಾಟಿದರೆ ಮೇಕೆದಾಟು, ಅಲ್ಲಿ ಇಡೀ ಹೊಳೆ ಬಂಡೆಗಳ ಸೀಳಿನಲ್ಲಿ ನುಗ್ಗುತ್ತದೆ. 1987ರಿಂದ ಇದು ವನ್ಯಜೀವಿಧಾಮ. ಆನೆ, ನೀರುನಾಯಿ ಎಲ್ಲ ಇವೆ. ಮೊದಮೊದಲು ನಾನೂ ಪ್ರತಿ ಪ್ರಾಣಿಯನ್ನೂ ಅಲ್ಲಿಗೇ ಒಯ್ಯಬೇಕು ಅಂದುಕೊಂಡಿದ್ದೆ.

ಆದರೆ ಅಲ್ಲಿ ಆಗಲೇ ಬೇರೆ ಚಿರತೆಗಳಿವೆ. ಹಾಲು ಕುಡಿಯುವ ಮರಿ ಅಮ್ಮನಿಲ್ಲದೆ ಅಲ್ಲಿ ಬದುಕುವುದಿಲ್ಲ. ದೊಡ್ಡ ಚಿರತೆಯನ್ನು ದೂರ ಬಿಡುವುದೂ ಸುಲಭದ ದಾರಿಯಲ್ಲ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಹಾಗೆ ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಜಾಸ್ತಿಯಾಯಿತು ಎಂದು ಸಂಶೋಧಕಿ ವಿದ್ಯಾ ಆತ್ರೇಯ ತೋರಿಸಿದ್ದಾರೆ. ಯಜಮಾನರ ಪಕ್ಕ ಬದುವಿನ ಮೇಲೆ ಕೂತು ಇದನ್ನೆಲ್ಲ ನಿಧಾನವಾಗಿ ಹೇಳಿದೆ.

ತಾಯಿ ಹುಡುಕಿಕೊಂಡು ಬಂದರೆ ಮರಿಗಳು ಅಲ್ಲೇ ಸಿಗಲಿ ಎಂದು, ಮರಿ ಸಿಕ್ಕ ಜಾಗಕ್ಕೆ ಕೋಲು ನೆಟ್ಟು ಗುರುತು ಮಾಡಿದೆವು. ಪಶುವೈದ್ಯರು ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದರು. ಗಾಯ ಇರಲಿಲ್ಲ. ಕಣ್ಣು ಬಿಟ್ಟಿದ್ದವು, ಇನ್ನೂ ನೀಲಿ ಛಾಯೆ. ಅಂಗೈಯಷ್ಟು ಜೀವ, ಆದರೂ ಹತ್ತಿರ ಹೋದರೆ ಬಾಯಿ ಅಗಲಿಸಿ ಬುಸ್ ಅನ್ನುತ್ತಿತ್ತು. ಟೊಮ್ಯಾಟೊ ಕ್ರೇಟಿಗೆ ಅದೇ ಗದ್ದೆಯ ತರಗು ಹಾಸಿ ಮಲಗಿಸಿದೆವು. ಸಂಜೆ ಕತ್ತಲಾಗುವ ಮುಂಚೆ ಕ್ರೇಟನ್ನು ಕೋಲಿನ ಬುಡದಲ್ಲೇ ಇಟ್ಟೆವು. ಮೇಲೆ ಏನೂ ಮುಚ್ಚಲಿಲ್ಲ. ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ಟ್ರ್ಯಾಪ್ ಕ್ಯಾಮೆರಾ ಕಟ್ಟಿ, ಊರಿನವರನ್ನೆಲ್ಲ ಮನೆಗೆ ಕಳಿಸಿ ನಾವೂ ದೂರ ಸರಿದೆವು. ಕಷ್ಟದ ಕೆಲಸ ಅಂದರೆ ಇದೇ, ಜನರನ್ನು ಕಳಿಸುವುದು. ಗಲಾಟೆ ಇದ್ದರೆ ತಾಯಿ ಬರುವುದಿಲ್ಲ.

ರಾತ್ರಿ 9ರ ಸುಮಾರಿಗೆ ಬಂದಳು. ಕ್ರೇಟಿನ ಸುತ್ತ ಎರಡು ಸುತ್ತು ಮೂಸಿ, ಒಂದು ಮರಿಯ ಕತ್ತು ಕಚ್ಚಿಕೊಂಡು ಹೋದಳು. ಇನ್ನೊಂದಕ್ಕೆ ಮತ್ತೆ ಬಂದದ್ದು ಒಂದೂವರೆ ಗಂಟೆ ಬಿಟ್ಟು. ಅಷ್ಟು ಹೊತ್ತೂ ಆ ಮರಿ ಕ್ರೇಟಿನ ಮೂಲೆಯಲ್ಲಿ ಮುದುರಿಕೊಂಡಿದ್ದದ್ದು ಬೆಳಿಗ್ಗೆ ಕ್ಯಾಮೆರಾದಲ್ಲಿ ಕಂಡಿತು.

ಕಟಾವು ತಡವಾದರೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಆದರೂ ಯಜಮಾನರು ಮೂರು ದಿನ ಆ ಮೂಲೆಗೆ ಕತ್ತಿ ಹಾಕಿಸಲಿಲ್ಲ.