ಪಾಲಿಗ್ರಾಫ್ ಅರ್ಜಿ ಬಂದಾಗ: ಒಪ್ಪಿಗೆ ಪತ್ರ ಮತ್ತು ಪ್ರಶ್ನೆಪಟ್ಟಿ

ಪಾಲಿಗ್ರಾಫ್ (ಸುಳ್ಳು ಪತ್ತೆ) ಪರೀಕ್ಷೆಗೆ ಅನುಮತಿ ಕೇಳಿ ತನಿಖಾಧಿಕಾರಿ ಹಾಕುವ ಅರ್ಜಿ ಚಿಕ್ಕದಿರುತ್ತದೆ. ಕೊನೆಗೆ "ಸದರಿ ಆಸಾಮಿಯು ಸ್ವಇಚ್ಛೆಯಿಂದ ಒಪ್ಪಿರುತ್ತಾನೆ" ಎಂಬ ಸಾಲು, ಅದರ ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಕಲಬುರಗಿಯಲ್ಲಿ ಕ್ರಿಮಿನಲ್ ವಕೀಲಿಕೆ ಮಾಡುವ ನಾನು ಮೊದಲು ಓದುವುದು ಆ ಸಾಲನ್ನೇ. ಸಹಿ ಆದದ್ದು ಯಾವ ತಾರೀಖು, ಎಷ್ಟು ಗಂಟೆಗೆ, ಎಲ್ಲಿ? ಆ ಹೊತ್ತಿಗೆ ಮನುಷ್ಯ ಠಾಣೆಯಲ್ಲಿ ಎಷ್ಟು ತಾಸಿನಿಂದ ಕೂತಿದ್ದ? ಜೊತೆಗೆ ವಕೀಲರಿದ್ದರೇ? ಆ ಹಾಳೆ ಓದಲು ಅವನಿಗೆ ಬರುತ್ತದೆಯೇ? ಯಂತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಪರೀಕ್ಷೆಯ ಹಣೆಬರಹ ನಿಂತಿರುವುದು ಎರಡು ಹಾಳೆಗಳ ಮೇಲೆ: ಒಂದು ಒಪ್ಪಿಗೆ ಪತ್ರ, ಇನ್ನೊಂದು ಪ್ರಶ್ನೆಪಟ್ಟಿ.

ಕಾನೂನು ಸ್ಪಷ್ಟವಿದೆ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಈ ಮೂರನ್ನೂ ಒತ್ತಾಯದಿಂದ ಮಾಡುವಂತಿಲ್ಲ, ಅದು ಸಂವಿಧಾನದ 20(3) (ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕಿಲ್ಲ) ಮತ್ತು 21ನೇ (ಜೀವ, ಸ್ವಾತಂತ್ರ್ಯದ ಹಕ್ಕು) ವಿಧಿಗೆ ವಿರುದ್ಧ ಎಂದಿತು. ಈ ರಕ್ಷಣೆ ಆರೋಪಿಗಷ್ಟೇ ಅಲ್ಲ, ಸಂಶಯಿತನಿಗೂ ಸಾಕ್ಷಿದಾರನಿಗೂ ಉಂಟು. ಒಪ್ಪಿಗೆಯಿಂದ ಮಾಡಿದರೂ ಫಲಿತಾಂಶ ತಾನಾಗಿ ಸಾಕ್ಷ್ಯವಾಗದು, ಏಕೆಂದರೆ ದೇಹ ಕೊಡುವ ಪ್ರತಿಕ್ರಿಯೆಯ ಮೇಲೆ ಮನುಷ್ಯನಿಗೆ ಹಿಡಿತವಿಲ್ಲ. ಆದರೆ ಒಪ್ಪಿಗೆಯ ಪರೀಕ್ಷೆಯಿಂದ ಸಿಕ್ಕ ಮಾಹಿತಿಯ ಜಾಡು ಹಿಡಿದು ವಸ್ತುವೊಂದು ಪತ್ತೆಯಾದರೆ, ಅದು ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಬಾಗಿಲಿನಿಂದ ಒಳಗೆ ಬರಬಹುದು. 2024ರ ಜುಲೈ 1ರಿಂದ ಆ ಬಾಗಿಲು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನ ಪರಂತುಕದಲ್ಲಿದೆ (ಕಲಂಗೆ ಸೇರಿಸಿದ ವಿನಾಯಿತಿಯ ಮಾತು). ಕಕ್ಷಿದಾರನಿಗೆ ನಿಜವಾದ ಅಪಾಯ ಇಲ್ಲಿರುವುದು.

ಕೆಲವು ಅರ್ಜಿಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 349ನೇ ಕಲಂ ನಮೂದಾಗಿರುತ್ತದೆ. ಅದು ಸಹಿ, ಕೈಬರಹ, ಬೆರಳಚ್ಚು, ಧ್ವನಿ ಮಾದರಿಗೆ ಸಂಬಂಧಿಸಿದ್ದು. ಅಲ್ಲಿ ಮ್ಯಾಜಿಸ್ಟ್ರೇಟರು ಆದೇಶಿಸಬಹುದು, ಒಪ್ಪಿಗೆ ಬೇಕಿಲ್ಲ. ಪಾಲಿಗ್ರಾಫ್ ಅದರೊಳಗೆ ಬರುವುದಿಲ್ಲ. ವೈದ್ಯಕೀಯ ತಪಾಸಣೆಯ 51ನೇ ಕಲಂ ತೋರಿಸಿದರೂ ಅಷ್ಟೇ: ಅದರ ಹಳೆಯ ರೂಪವಾದ 53ನೇ ಕಲಂನಲ್ಲಿದ್ದ "ಇತರ ಪರೀಕ್ಷೆಗಳು" ಎಂಬ ಮಾತಿಗೆ ಪಾಲಿಗ್ರಾಫ್ ಸೇರುವುದಿಲ್ಲ ಎಂದು ಸೆಲ್ವಿ ತೀರ್ಪೇ ಹೇಳಿದೆ. ತಪ್ಪು ಕಲಂ ಕಂಡರೆ ತಕರಾರಿನ ಮೊದಲ ಪ್ಯಾರಾದಲ್ಲೇ ಇದನ್ನು ಬರೆಯುತ್ತೇನೆ.

ಕಕ್ಷಿದಾರನ ಜೊತೆ ಒಬ್ಬನೇ ಕೂತು ಮಾತಾಡಲು ಮುಕ್ಕಾಲು ತಾಸಾದರೂ ಬೇಕು. ಮನೆಯವರು ಹೊರಗಿರಲಿ. ಏಕೆಂದರೆ ಮನೆಯವರ ಮಾತು ಯಾವಾಗಲೂ ಒಂದೇ: "ನಮ್ಮ ಹುಡುಗ ಏನೂ ಮಾಡಿಲ್ರಿ ಸಾಹೇಬ್ರ, ಮಷಿನ್‌ಗೆ ಯಾಕ ಅಂಜಬೇಕು?" ಈ ಮಾತಿನಲ್ಲಿ ಪ್ರಾಮಾಣಿಕತೆ ಇದೆ, ಆದರೆ ಯಂತ್ರದ ಬಗ್ಗೆ ತಪ್ಪು ತಿಳುವಳಿಕೆಯೂ ಇದೆ. ಯಂತ್ರ ಸುಳ್ಳನ್ನು ಅಳೆಯುವುದಿಲ್ಲ. ಉಸಿರು, ರಕ್ತದೊತ್ತಡ, ನಾಡಿ, ಬೆರಳಿನ ಬೆವರು ಇಷ್ಟನ್ನೇ ಅಳೆಯುತ್ತದೆ. ಅಂಜಿಕೆಯಿಂದ ಎದ್ದ ಏರಿಳಿತ ಯಾವುದು, ಸುಳ್ಳಿನಿಂದ ಎದ್ದದ್ದು ಯಾವುದು ಎಂದು ಗೆರೆ ಹೇಳುವುದಿಲ್ಲ. ಹೇಳುವವರು ಗೆರೆ ಓದುವ ಪರೀಕ್ಷಕರು.

ಲೆಕ್ಕ ಹಾಕಿ ತೋರಿಸಿದರೆ ಬೇಗ ತಿಳಿಯುತ್ತದೆ. ದಾಲ್ ಮಿಲ್ ಒಂದರಲ್ಲಿ ಗಲ್ಲೆಯ ರೊಕ್ಕ ಹೋಯಿತು, ಹಮಾಲರು ಗುಮಾಸ್ತರು ಸೇರಿ 20 ಮಂದಿ, ಕದ್ದವನು ಒಬ್ಬ ಎನ್ನಿ. ಯಂತ್ರ ನೂರಕ್ಕೆ 85 ಸಲ ಸರಿ ಎಂದೇ ಇಟ್ಟುಕೊಳ್ಳೋಣ. ತಪ್ಪಿಲ್ಲದ 19 ಮಂದಿಯಲ್ಲಿ ನೂರಕ್ಕೆ 15 ಎಂದರೆ ಸುಮಾರು ಮೂವರು "ಸುಳ್ಳುಗಾರ"ರಾಗಿ ಬೀಳುತ್ತಾರೆ. ಕಳ್ಳನೂ ಸಿಕ್ಕನೆಂದರೆ ಪಟ್ಟಿಯಲ್ಲಿ ನಾಲ್ವರು, ಅವರಲ್ಲಿ ಮೂವರು ನಿರಪರಾಧಿಗಳು. ಎಲ್ಲರನ್ನೂ ಸಾಲಾಗಿ ಕೂರಿಸಿ ಪರೀಕ್ಷೆ ಮಾಡಿಸುವ ಅರ್ಜಿಗೆ ನಾನು ಯಾವತ್ತೂ ಒಪ್ಪಿಗೆ ಕೊಡಿಸುವುದಿಲ್ಲ.

ಒಪ್ಪಬಹುದಾದ ಸಂದರ್ಭಗಳೂ ಇವೆ. ಆರೋಪ ಒಂದೇ ಒಂದು ನಿರ್ದಿಷ್ಟ ಕೃತ್ಯದ ಬಗ್ಗೆ ಇರಬೇಕು, ಕಕ್ಷಿದಾರ ಆರೋಗ್ಯವಾಗಿರಬೇಕು, ಪ್ರಶ್ನೆಗಳು ಮೊದಲೇ ತಿಳಿಯಬೇಕು, ತನಿಖೆ ಬೇರೆ ದಾರಿಯಲ್ಲೂ ನಡೆಯುತ್ತಿರಬೇಕು. ಆಗ ಒಂದು ದಿನ ಯೋಚಿಸಲು ಬಿಟ್ಟು, ಮರುದಿನ ಅವನೇ ಹೇಳಿದ ಮೇಲೆ ಮುಂದುವರಿಯುತ್ತೇನೆ. ಒಪ್ಪದಿದ್ದರೆ ತಕರಾರಿನಲ್ಲಿ ಒಂದು ಸಾಲು ಸಾಕು: ಒಪ್ಪಿಗೆ ಇಲ್ಲ, ನಿರಾಕರಣೆಯನ್ನು ಅವನ ವಿರುದ್ಧ ಅನುಮಾನವಾಗಿ ತೆಗೆದುಕೊಳ್ಳಬಾರದು. ಉದ್ದ ಕಾರಣ ಬರೆದರೆ ಆ ಕಾರಣವೇ ಚರ್ಚೆಗೆ ಬೀಳುತ್ತದೆ.

ಒಪ್ಪಿಗೆ ದಾಖಲಾಗಬೇಕಾದದ್ದು ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಎದುರು. ಠಾಣೆಯ ಸಹಿ ಲೆಕ್ಕಕ್ಕಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಸೆಲ್ವಿ ತೀರ್ಪು ಕಟ್ಟುನಿಟ್ಟಾಗಿ ಪಾಲಿಸಲು ಹೇಳಿದೆ. ಅದರ ಪ್ರತಿಯನ್ನು ಕಡತದಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಆ ದಿನ ಕೋರ್ಟಿಗೆ ನನ್ನ ವಿನಂತಿ ಇಷ್ಟು: ಪೊಲೀಸರು ಕೋರ್ಟ್ ಹಾಲಿನ ಹೊರಗೆ ಹೋಗಲಿ, ಮ್ಯಾಜಿಸ್ಟ್ರೇಟರು ಕಕ್ಷಿದಾರನನ್ನು ಎಷ್ಟು ದಿನ ಬಂಧನದಲ್ಲಿದ್ದ, ವಿಚಾರಣೆ ಹೇಗೆ ನಡೆಯಿತು ಎಂದು ಕೇಳಲಿ, ಪರೀಕ್ಷೆಯಲ್ಲಿ ಆಡುವ ಮಾತು ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆಯಲ್ಲ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಷ್ಟೇ ಎಂದು ತಿಳಿಸಲಿ, ನಡುವೆ ಯಾವಾಗ ಬೇಕಾದರೂ ಬೇಡ ಎನ್ನಬಹುದೆಂದು ಹೇಳಲಿ. ಈ ಪ್ರಶ್ನೋತ್ತರವೆಲ್ಲ ಆರ್ಡರ್ ಶೀಟಿನಲ್ಲಿ ಅವನ ಮಾತಿನಲ್ಲೇ ಬರಬೇಕು. "ವಿವರಿಸಲಾಯಿತು, ಒಪ್ಪಿದ್ದಾನೆ" ಎಂಬ ಎರಡು ಪದ ಮುಂದೆ ಹೈಕೋರ್ಟ್ ಪೀಠದಲ್ಲಿ ಯಾರಿಗೂ ಉಪಯೋಗಕ್ಕೆ ಬಾರದು.

ಭಾಷೆಯ ಮಾತು ಇಲ್ಲೇ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಮನೆಮಾತು ಕನ್ನಡವೇ ಆಗಿರಬೇಕೆಂದಿಲ್ಲ. ತಾಂಡಾದವರಿಗೆ ಲಂಬಾಣಿ, ಬೀದರ್ ಕಡೆ ಮರಾಠಿ, ದಖನಿ ಉರ್ದು, ಗುರುಮಠಕಲ್ ಬದಿಗೆ ತೆಲುಗು. ಸಂತೆ ವ್ಯವಹಾರಕ್ಕೆ ಸಾಲುವ ಕನ್ನಡ ಈ ಪರೀಕ್ಷೆಗೆ ಸಾಲದು. ದುಭಾಷಿ ಬೇಕಾದರೆ ಪೊಲೀಸ್ ಸಿಬ್ಬಂದಿ ಆಗಬಾರದೆಂದು ಅರ್ಜಿ ಕೊಡುತ್ತೇನೆ.

ಪರೀಕ್ಷೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಎಂದಾದರೆ ಪ್ರಯಾಣದ ಷರತ್ತನ್ನೂ ಆದೇಶದಲ್ಲಿ ಬರೆಸಬೇಕು. ಕಲಬುರಗಿಯಿಂದ ರಾತ್ರಿಯಿಡೀ ಪಯಣ. ಕಾವಲಿನಲ್ಲಿ ಕೂತು ನಿದ್ದೆಗೆಟ್ಟು ಬಂದವನನ್ನು ಬೆಳಿಗ್ಗೆ ಹತ್ತಕ್ಕೆ ಕುರ್ಚಿಗೆ ಕೂರಿಸಿದರೆ ಆ ದಾಖಲೆ ಓದಲು ಯೋಗ್ಯವಲ್ಲ. ಹಿಂದಿನ ದಿನವೇ ಕರೆದೊಯ್ದು, ಒಂದು ರಾತ್ರಿ ನಿದ್ದೆಗೆ ಅವಕಾಶ ಕೊಟ್ಟು, ಬೆಳಿಗ್ಗೆ ತಿಂಡಿಯಾದ ಮೇಲೆ ಪರೀಕ್ಷೆ ಎಂದು ಕೇಳಿಕೊಳ್ಳುತ್ತೇನೆ. ವೈದ್ಯರ ತಪಾಸಣೆಯಲ್ಲಿ ಬಿಪಿ ಮಾತ್ರೆ ಮುಚ್ಚಿಡಬಾರದು. ಪ್ರೊಪ್ರನೊಲಾಲ್, ಅಟೆನೊಲಾಲ್ ನಾಡಿಯನ್ನು ತಗ್ಗಿಸುತ್ತವೆ. ದಿನಾ ಸೇಂದಿ ಕುಡಿಯುವವನಿಗೆ ಬಂಧನದಲ್ಲಿ ಅದು ತಪ್ಪಿದರೆ ಕೈ ನಡುಗುತ್ತದೆ, ಬೆವರುತ್ತದೆ. ತಂಬಾಕು ಬಿಟ್ಟವನಿಗೂ ಚಡಪಡಿಕೆ. ಉಬ್ಬಸ, ಗರ್ಭ, ಜ್ವರ ಇದ್ದರೆ ಪರೀಕ್ಷೆ ಮುಂದೂಡಬೇಕು. ಶಹಾಬಾದ್ ಕಲ್ಲಿನ ಕೆಲಸದವರ, ಬಿದರಿ ಕುಸುರಿಯವರ ಬೆರಳ ತುದಿ ಜಡ್ಡುಗಟ್ಟಿರುತ್ತದೆ. ಅಲ್ಲಿ ಬೆವರಿನ ಸಂಕೇತ ಸರಿಯಾಗಿ ಬಾರದು, ಎಲೆಕ್ಟ್ರೋಡನ್ನು ಅಂಗೈಗೆ ಹಾಕಬೇಕಾಗುತ್ತದೆ. ಇದನ್ನು ಪರೀಕ್ಷಕರಿಗೆ ಮೊದಲೇ ಬರೆದು ತಿಳಿಸುವುದು ಒಳ್ಳೆಯದು.

ಉಪಕರಣದ ಭಾಗಗಳು ಕಡಿಮೆ. ಎದೆಗೊಂದು, ಹೊಟ್ಟೆಗೊಂದು ಉಸಿರಿನ ಪಟ್ಟಿ. ಎರಡು ಬೆರಳಿಗೆ ಬೆವರಿನ ಎಲೆಕ್ಟ್ರೋಡ್. ತೋಳಿಗೆ ಬಿಪಿ ಪಟ್ಟಿ. ಬೆರಳ ತುದಿಗೆ ನಾಡಿ ಹಿಡಿಯುವ ಕ್ಲಿಪ್. ಕುರ್ಚಿಯ ಮೇಲೆ ಅಲುಗಾಟ ಗುರುತಿಸುವ ಮೆತ್ತೆ. ತೋಳಿನ ಪಟ್ಟಿ ಉಬ್ಬಿಯೇ ಇರುವುದರಿಂದ ಕೈ ಜೋಮು ಹಿಡಿಯುತ್ತದೆ, ಆದ್ದರಿಂದ ಒಂದು ಸುತ್ತು ಐದಾರು ನಿಮಿಷಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ಪ್ರಶ್ನೆಗಳ ನಡುವೆ 25 ಸೆಕೆಂಡಾದರೂ ಬಿಡುವಿರಬೇಕು, ಇಲ್ಲದಿದ್ದರೆ ಹಿಂದಿನ ಪ್ರಶ್ನೆಯ ಏರಿಳಿತ ಮುಂದಿನದರ ಮೇಲೆ ಬೀಳುತ್ತದೆ. ಅದೇ ಪ್ರಶ್ನೆಗಳನ್ನು ಮೂರು ಸುತ್ತಾದರೂ ಕೇಳಬೇಕು. ಒಂದೇ ಸುತ್ತಿನಲ್ಲಿ ಮುಗಿಸಿದ ವರದಿ ದುರ್ಬಲ. ಕೋಣೆಯೊಳಗೆ ಮೂರನೆಯವರಿದ್ದರೆ ಗಮನ ಚದುರುತ್ತದೆಂದು ಪರೀಕ್ಷಕರು ಹೇಳುವುದು ಸರಿ. ವಕೀಲರು ಗಾಜಿನಾಚೆ ಅಥವಾ ಕ್ಯಾಮೆರಾ ಪರದೆಯ ಮುಂದೆ ಕೂರಬಹುದು. ಕೋಣೆಯೊಳಗೆ ತನಿಖಾಧಿಕಾರಿಯೂ ಇರಬಾರದು.

ಈಗ ಪ್ರಶ್ನೆಪಟ್ಟಿ. ಎಷ್ಟು ಕಾಳಜಿ ವಹಿಸಿದರೂ ಕಡಿಮೆಯೇ. ಸಾಮಾನ್ಯ ವಿಧಾನದಲ್ಲಿ ಮೂರು ಬಗೆ ಇರುತ್ತವೆ: "ಇವತ್ತು ಸೋಮವಾರವೇ?" ಎಂಬಂಥ ಸಪ್ಪೆ ಪ್ರಶ್ನೆ, "ಆ ರೊಕ್ಕ ನೀವು ಕದ್ದಿರೇನು?" ಎಂಬ ಪ್ರಕರಣದ ಪ್ರಶ್ನೆ, "ಈ ಕೆಲಸಕ್ಕೆ ಸೇರುವ ಮೊದಲು ಯಾರದಾದರೂ ವಸ್ತು ಕದ್ದಿದ್ದೀರೇನು?" ಎಂಬ ಹೋಲಿಕೆಯ ಪ್ರಶ್ನೆ. ತಪ್ಪಿಲ್ಲದವನು ಹೋಲಿಕೆ ಪ್ರಶ್ನೆಗೆ "ಇಲ್ಲ" ಎಂದು ಒಳಗೊಳಗೇ ಹಿಂಜರಿಯುತ್ತಾನೆ, ಅಲ್ಲಿ ಗೆರೆ ಹೆಚ್ಚು ಏಳುತ್ತದೆ. ತಪ್ಪಿತಸ್ಥನಿಗೆ ಪ್ರಕರಣದ ಪ್ರಶ್ನೆಗೆ ಏಳುತ್ತದೆ. ನಂಬಿಕೆ ಅದು. ಆದರೆ ನಮ್ಮ ಕಡೆಯ ಮಂದಿ "ಹೌದ್ರಿ, ಸಣ್ಣಾಂವ ಇದ್ದಾಗ ಪೇರಲ ಹಣ್ಣು ಕದ್ದೀನಿ" ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಹೇಳಿದ ಮೇಲೆ ಅಲ್ಲಿ ಅಳುಕಿಲ್ಲ, ಹೋಲಿಸಲು ಏನೂ ಉಳಿಯುವುದಿಲ್ಲ. ಆಗ "ಅದನ್ನು ಬಿಟ್ಟು" ಎಂದು ಸೇರಿಸಿ ಪ್ರಶ್ನೆ ತಿದ್ದಬೇಕು. ತಿದ್ದದೆ ಮುಂದುವರಿದರೆ ಸತ್ಯವಂತನೇ ಸಿಕ್ಕಿಬೀಳುತ್ತಾನೆ.

ಪದಗಳಲ್ಲೂ ಬಲೆಗಳಿವೆ. "ರೊಕ್ಕ ತಗೊಂಡಿರೇನು?" ಎಂದರೆ ಪಗಾರವೂ ತಗೊಂಡದ್ದೇ, "ಕದ್ದಿರೇನು" ಎಂದೇ ಬರಬೇಕು, ಮೊತ್ತ ಮತ್ತು ದಿನ ಸಮೇತ. "ಕದ್ದವರು ಯಾರಂತ ಗೊತ್ತದ ಏನು?" ಎಂಬ ಪ್ರಶ್ನೆಯನ್ನು ಹೊಡೆದುಹಾಕಿಸುತ್ತೇನೆ, ಏಕೆಂದರೆ ಬರೀ ಸಂಶಯ ಇದ್ದವನೂ ಅಲ್ಲಿ ಬೆವರುತ್ತಾನೆ. "ನೀವು ಕದ್ದಿಲ್ಲ, ಹೌದಲ್ಲ?" ಎಂಬ ನಕಾರದ ಪ್ರಶ್ನೆಗೆ "ಹೌದು" ಎಂದರೂ "ಇಲ್ಲ" ಎಂದರೂ ಒಂದೇ ಅರ್ಥ, ಅದು ಪಟ್ಟಿಯಲ್ಲಿರಲೇಬಾರದು. ಇನ್ನೊಂದು: ದೊಡ್ಡವರು ಮಾತಾಡುವಾಗ "ಹೂಂರಿ" ಅನ್ನುವುದು ನಮ್ಮಲ್ಲಿ ಮರ್ಯಾದೆ, ಒಪ್ಪಿಗೆಯಲ್ಲ. ಕುರ್ಚಿಯಲ್ಲಿ "ಹೌದು", "ಇಲ್ಲ" ಎರಡೇ ಉತ್ತರ ಎಂದು ಕಕ್ಷಿದಾರನಿಗೆ ಹಿಂದಿನ ದಿನವೇ ಹೇಳಿಕೊಡುತ್ತೇನೆ. ಉಸಿರು ಬಿಗಿಹಿಡಿಯುವ, ಕಾಲ್ಬೆರಳು ಒತ್ತುವ ಉಪಾಯಗಳನ್ನು ಮಾತ್ರ ಎಂದೂ ಹೇಳಿಕೊಡುವುದಿಲ್ಲ. ಮೆತ್ತೆ ಅದನ್ನು ಹಿಡಿಯುತ್ತದೆ, "ಅಸಹಕಾರ" ಎಂದು ವರದಿಯಾಗುತ್ತದೆ, ಮೇಲಾಗಿ ಅದು ನ್ಯಾಯವೂ ಅಲ್ಲ.

ಆಯ್ಕೆ ನಮಗಿದ್ದರೆ ನಾನು ಕೇಳುವುದು ಗುಪ್ತ ಮಾಹಿತಿಯ ವಿಧಾನವನ್ನು. 1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಲಿಕನ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ರೊಕ್ಕ ಇದ್ದದ್ದು ಕೆಂಪು ಬಟ್ಟೆಯ ಗಂಟಿನಲ್ಲೋ, ಸ್ಟೀಲ್ ಡಬ್ಬಿಯಲ್ಲೋ, ಗೋಣಿ ಚೀಲದಲ್ಲೋ, ರಟ್ಟಿನ ಪೆಟ್ಟಿಗೆಯಲ್ಲೋ, ಮರದ ಗಲ್ಲೆಯಲ್ಲೋ ಎಂದು ಐದು ಆಯ್ಕೆ. ನಿಜ ಗೊತ್ತಿದ್ದವನ ಮೈ ಒಂದಕ್ಕೇ ಸ್ಪಂದಿಸುತ್ತದೆ. ಗೊತ್ತಿಲ್ಲದವನಿಗೆ ಐದೂ ಒಂದೇ. ಇಂಥ ಆರು ಪ್ರಶ್ನೆಗಳಲ್ಲಿ ಆರಕ್ಕೂ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ 15,625ರಲ್ಲಿ ಒಂದು. ಮೊದಲು ಓದುವ ಆಯ್ಕೆಗೆ ಎಲ್ಲರ ಮೈಯೂ ಬೆಚ್ಚುತ್ತದೆ, ಆದ್ದರಿಂದ ಮೊದಲಿಗೊಂದು ಲೆಕ್ಕಕ್ಕಿಲ್ಲದ ಆಯ್ಕೆ ಸೇರಿಸಬೇಕು. ಈ ವಿಧಾನದ ಶತ್ರು ಮಾಹಿತಿಯ ಸೋರಿಕೆ. ಎಫ್‌ಐಆರ್‌ನಲ್ಲಿ "ಕೆಂಪು ಗಂಟು" ಎಂದು ಬರೆದಿದ್ದರೆ, ವಿಚಾರಣೆಯಲ್ಲಿ ಪಿಎಸ್‌ಐ ಅದನ್ನೇ ಕೇಳಿದ್ದರೆ, ಪಂಚನಾಮೆಗೆ ಊರೇ ನೆರೆದಿದ್ದರೆ, ಆ ಪ್ರಶ್ನೆ ಸತ್ತಂತೆ. ಅದಕ್ಕೇ ಎಫ್‌ಐಆರ್, ಪಂಚನಾಮೆ, ಪತ್ರಿಕೆಯ ವರದಿ ಮೂರನ್ನೂ ಪಕ್ಕಕ್ಕಿಟ್ಟುಕೊಂಡು ಪ್ರತಿ ಪ್ರಶ್ನೆಗೂ ಗುರುತು ಹಾಕುತ್ತೇನೆ.

ವರದಿ ಬಂದಾಗ ಕೊನೆಯ ಪುಟದ ಅಭಿಪ್ರಾಯ ಮಾತ್ರ ಲಗತ್ತಾಗಿರಬಹುದು. ಮೂಲ ಚಾರ್ಟು, ಅಂಕ ಹಾಕಿದ ಹಾಳೆ, ಕೇಳಿದ ಕ್ರಮದಲ್ಲೇ ಪ್ರಶ್ನೆಪಟ್ಟಿ, ಪೂರ್ವ ಸಂದರ್ಶನದ ವಿಡಿಯೊ, ವೈದ್ಯರ ಟಿಪ್ಪಣಿ ಇವೆಲ್ಲ ಬೇಕೆಂದು ಅರ್ಜಿ ಹಾಕಬೇಕು. ವರದಿಯನ್ನು ಸುರಕ್ಷಾ ಸಂಹಿತೆಯ 329ನೇ ಕಲಂ (ಸರ್ಕಾರಿ ವಿಜ್ಞಾನ ತಜ್ಞರ ವರದಿ) ಅಡಿ ನೇರವಾಗಿ ಹಾಜರುಪಡಿಸಲು ಹೊರಟರೆ ಪರೀಕ್ಷಕರನ್ನೇ ಕರೆಸಲು ಕೇಳುತ್ತೇನೆ. ಪಾಟೀ ಸವಾಲಿನಲ್ಲಿ ಅವರ ಯೋಗ್ಯತೆ ಕೆದಕುವುದರಿಂದ ಲಾಭವಿಲ್ಲ. ಎಷ್ಟು ಸುತ್ತು, ಸುತ್ತುಗಳ ಅಂಕ ಒಂದಕ್ಕೊಂದು ಹೊಂದಿತ್ತೇ, ಪರೀಕ್ಷೆಗೆ ಮೊದಲು ತನಿಖಾಧಿಕಾರಿ ಯಾರ ಮೇಲೆ ಸಂಶಯವೆಂದು ಹೇಳಿದ್ದರೇ, ಇಷ್ಟು ಸಾಕು.

ಪರೀಕ್ಷೆಯ ಬೆನ್ನಿಗೇ ವಸ್ತು ಸಿಕ್ಕಿತೆಂದು ಪಂಚನಾಮೆ ಬಂದರೆ ಮಾತ್ರ ಗಡಿಯಾರ ನೋಡಬೇಕು. ಮಡಿವಾಳದಲ್ಲಿ ಪರೀಕ್ಷೆ ಮುಗಿದದ್ದು ಮಧ್ಯಾಹ್ನ ಮೂರಕ್ಕೆ, ಒಂದು ರಾತ್ರಿಯ ದಾರಿಯಾದ ಕಲಬುರಗಿ ಕಡೆಯ ಸೇಡಂ ಹೊಲದಲ್ಲಿ ಪಂಚರು ಸಹಿ ಹಾಕಿದ್ದು ಅದೇ ಸಂಜೆ ಆರಕ್ಕೆ ಎಂದಿದ್ದರೆ, ಕರೆದೊಯ್ದವರ ಮೊಬೈಲ್ ಕರೆ ವಿವರ, ವಾಹನದ ಲಾಗ್ ಬುಕ್, ಠಾಣೆಯ ದಿನಚರಿ ಈ ಮೂರನ್ನು ತರಿಸಲು ಅರ್ಜಿ ಅಂದೇ ಬೀಳಬೇಕು. ಕರೆ ವಿವರ ಕಂಪನಿಯ ಬಳಿ ಶಾಶ್ವತವಾಗಿ ಇರುವುದಿಲ್ಲ.