ಖಾತೆ ಇಲ್ಲದವನ ಕೈಗೆ ಚೆಕ್ ಬಂದಾಗ

ನಮ್ಮದು ಡೊಳ್ಳು ಕುಣಿತದ ತಂಡ, ಶಿವಮೊಗ್ಗದ ಕಡೆಯದು. ಗಣಪತಿ ಬಿಡುವ ಮೆರವಣಿಗೆ, ಜಾತ್ರೆ, ದಸರಾ, ಈಗೀಗ ಫ್ಯಾಕ್ಟರಿಗಳ ಆಯುಧಪೂಜೆ, ಎಲ್ಲಿಗೆ ಕರೆದರೂ ಹೋಗುತ್ತೇವೆ. ಬಾರಿಸುವುದು ಹುಡುಗರ ಕೆಲಸ, ದುಡ್ಡು ವಸೂಲಿ ನನ್ನ ಕೆಲಸ. ಮೊದಲೆಲ್ಲ ಕುಣಿತ ಮುಗಿದ ಕೂಡಲೇ ನೋಟು ಎಣಿಸಿ ಕೊಡುತ್ತಿದ್ದರು. ಬರಬರುತ್ತಾ ಚೆಕ್ ಕೊಡಲು ಶುರು ಮಾಡಿದರು. ಆಗ ತಂಡಕ್ಕೂ ಬ್ಯಾಂಕ್ ಖಾತೆ ಇರಲಿಲ್ಲ, ನನಗೂ ಇರಲಿಲ್ಲ. ಹುಡುಗರಲ್ಲಿ ಒಬ್ಬಿಬ್ಬರಿಗೆ ಇತ್ತು. ಆದರೆ ಅದಕ್ಕೆ ದುಡ್ಡು ಬಿದ್ದರೆ ಬೈಕಿನ ಕಂತು ಹಿಡಿದುಕೊಳ್ಳುತ್ತಾರೆ ಅಂತ ಅವರು ಆ ಖಾತೆಯ ಸುದ್ದಿಗೇ ಹೋಗುತ್ತಿರಲಿಲ್ಲ.

ಆ ಚೆಕ್‌ಗಳನ್ನು ದುಡ್ಡು ಮಾಡಿಕೊಂಡ ಬಗೆ ಹೇಳುತ್ತೇನೆ. ಇದರಲ್ಲಿ ಬ್ಯಾಂಕಿನವರ ಕೈಯಲ್ಲಿ ಇರುವುದು ಕಮ್ಮಿ, ಬರೆದುಕೊಡುವವರ ಕೈಯಲ್ಲೇ ಜಾಸ್ತಿ. ಹಾಗಾಗಿ ಚೆಕ್ ಕೈಗೆ ಬಂದ ಜಾಗದಲ್ಲೇ ನಿಂತು ನೋಡಬೇಕು. ಮನೆಗೆ ತಂದು ಕನ್ನಡಕ ಹುಡುಕಿದರೆ ಪ್ರಯೋಜನವಿಲ್ಲ.

ನೋಡಬೇಕಾದ್ದು ಎರಡು ಜಾಗ. ಹೆಸರು ಬರೆಯುವ ಗೆರೆಯ ಕೊನೆಯಲ್ಲಿ ‘ಆರ್ ಬೇರರ್’ ಅಂತ ಅಚ್ಚಾಗಿರುತ್ತದೆ. ಅದನ್ನು ಪೆನ್ನಿಂದ ಹೊಡೆದುಹಾಕಿದ್ದಾರಾ? ಎಡಗಡೆ ಮೇಲಿನ ಮೂಲೆಯಲ್ಲಿ ಎರಡು ಓರೆ ಗೆರೆ ಎಳೆದಿದ್ದಾರಾ? ಎರಡೂ ಇಲ್ಲ ಅಂದರೆ ಅದು ಬೇರರ್ ಚೆಕ್. ಖಾತೆ ಇಲ್ಲದಿದ್ದರೂ ಕೌಂಟರಿನಲ್ಲೇ ನಗದು ಸಿಗುತ್ತದೆ. ಬೇರರ್ ಅನ್ನುವುದನ್ನು ಹೊಡೆದಿದ್ದು ಗೆರೆ ಮಾತ್ರ ಇಲ್ಲ ಅಂದರೂ ನಗದು ಸಿಗುತ್ತದೆ, ಆದರೆ ಚೆಕ್ಕಿನಲ್ಲಿರುವ ಹೆಸರಿನವರು ನೀವೇ ಅಂತ ತೋರಿಸಬೇಕು. ಗೆರೆ ಇದ್ದರೆ ಮಾತ್ರ ಕಥೆ ಬೇರೆ. 1881ರಿಂದ ಇರುವ ಕಾಯ್ದೆ ಅದು: ಗೆರೆ ಎಳೆದ ಚೆಕ್ಕಿನ ದುಡ್ಡು ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೇ ಹೋಗಬೇಕು, ಕೌಂಟರಿನಲ್ಲಿ ಕೈಗೆ ಕೊಡುವ ಹಾಗಿಲ್ಲ. ಕ್ಯಾಷಿಯರ್ ಹತ್ತಿರ ಜಗಳ ಮಾಡಿ ಏನೂ ಆಗುವುದಿಲ್ಲ.

ತಾರೀಖನ್ನೂ ನೋಡಿ. 2012ರ ಏಪ್ರಿಲ್‌ನಿಂದ ಚೆಕ್ಕಿಗೆ ಮೂರೇ ತಿಂಗಳ ಆಯಸ್ಸು. ಹಳಬರು ಈಗಲೂ ಆರು ತಿಂಗಳು ಅಂತಾರೆ, ನಂಬಬೇಡಿ.

ಬೇರರ್ ಚೆಕ್ಕಿನ ಕೆಲಸ ಸುಲಭ. ಒಂದು ಗಣಪತಿ ಕಮಿಟಿಯವರು 18,000ಕ್ಕೆ ಕೊಟ್ಟಿದ್ದರು. ಖಾತೆ ಯಾವ ಬ್ರಾಂಚಿನಲ್ಲಿದೆ ಅಂತ ಚೆಕ್ಕಿನ ಮೇಲೇ ಇರುತ್ತದೆ, ನಾನು ಸೀದಾ ಅಲ್ಲಿಗೇ ಹೋದೆ. ಅದೇ ಬ್ಯಾಂಕಿನ ಬೇರೆ ಬ್ರಾಂಚಿನಲ್ಲೂ ಕೊಡಬಹುದು, ಆದರೆ ಅಲ್ಲಿ ಹೊರಗಿನವರಿಗೆ ನಗದು ಕೊಡಲು ಮಿತಿ ಇಟ್ಟಿರುತ್ತಾರೆ, ಪ್ರಶ್ನೆಯೂ ಜಾಸ್ತಿ. ಇನ್ನೊಂದು ಬ್ಯಾಂಕಿಗೆ ಹೋದರಂತೂ ಮುಟ್ಟುವುದೂ ಇಲ್ಲ. ಕೌಂಟರಿನ ಮೇಡಂ ಚೆಕ್ ತಿರುಗಿಸಿ ಇಟ್ಟು, “ಇಲ್ಲಿ ಸೈನ್ ಹಾಕಿ, ಕೆಳಗೆ ಮೊಬೈಲ್ ನಂಬರ್ ಬರೀರಿ” ಅಂದರು. ಕಂಪ್ಯೂಟರಿನಲ್ಲಿ ಕಮಿಟಿ ಅಧ್ಯಕ್ಷರ ಸಹಿ ತೆಗೆದು ಚೆಕ್ಕಿನ ಸಹಿಯ ಪಕ್ಕ ಕಣ್ಣಾಡಿಸಿದರು. ನನ್ನ ವೋಟರ್ ಕಾರ್ಡ್ ಜೆರಾಕ್ಸ್ ತೆಗೆದುಕೊಂಡರು. ಆಮೇಲೆ ಅಧ್ಯಕ್ಷರಿಗೇ ಫೋನ್ ಮಾಡಿ, “ಸಾರ್, ಡೊಳ್ಳಿನವರಿಗೆ ಹದಿನೆಂಟು ಬರೆದಿದ್ದೀರಾ?” ಅಂತ ಕೇಳಿದರು. ಪುಣ್ಯಕ್ಕೆ ಎತ್ತಿದರು. ಅದಕ್ಕೇ ಹೇಳುವುದು, ಬ್ಯಾಂಕಿಗೆ ಹೋಗುವ ಹೊತ್ತಿಗೆ ಚೆಕ್ ಕೊಟ್ಟವರಿಗೆ ಮೊದಲೇ ಒಂದು ಮಾತು ಹಾಕಿರಿ. ಫೋನ್ ಎತ್ತಲಿಲ್ಲ ಅಂದರೆ ಅವತ್ತಿನ ಕೆಲಸ ಕೆಡುತ್ತದೆ. ಖಾತೆಯಲ್ಲಿ ದುಡ್ಡಿದೆಯಾ ಅಂತಲೂ ಆಗಲೇ ಕೇಳಿಬಿಡಬಹುದು.

ಸಹಿ ಬರದವರು ಎಡಗೈ ಹೆಬ್ಬೆಟ್ಟು ಒತ್ತಬಹುದು, ಗುರುತಿನವರೊಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋದರೆ ಒಳ್ಳೆಯದು. ಒಂದು ಎಚ್ಚರ: ಬೇರರ್ ಚೆಕ್ ಬಿದ್ದುಹೋದರೆ ಸಿಕ್ಕವನಿಗೂ ದುಡ್ಡು ಸಿಗಬಹುದು. ಜೇಬಿನಲ್ಲಿಟ್ಟುಕೊಂಡು ಊರು ಸುತ್ತುವ ವಸ್ತುವಲ್ಲ ಅದು.

ನಿಜವಾದ ಫಜೀತಿ ಅಕೌಂಟ್ ಪೇಯಿ ಚೆಕ್ಕಿನದು. ಒಂದು ಫ್ಯಾಕ್ಟರಿಯಲ್ಲಿ ಆಯುಧಪೂಜೆಗೆ ಕುಣಿದೆವು. ಹನ್ನೆರಡು ಜನ, ತಲೆಗೆ 3,500. ಒಟ್ಟು 42,000ಕ್ಕೆ ನನ್ನ ಹೆಸರಲ್ಲಿ ಒಂದೇ ಚೆಕ್, ಮೂಲೆಯಲ್ಲಿ ಗೆರೆ, ಗೆರೆಯ ನಡುವೆ ‘ಎ/ಸಿ ಪೇಯಿ’. ನಾನು ಅಲ್ಲೇ ಅಕೌಂಟ್ಸ್ ವಿಭಾಗದವರನ್ನು ಕೇಳಿದೆ, “ಸಾರ್, ಬೇರರ್ ಕೊಡಿ.” ಅವರು ಕೊಡಲಿಲ್ಲ. ಅವರದೂ ತಪ್ಪಿಲ್ಲ. ಒಬ್ಬರಿಗೆ ಒಂದೇ ದಿನ 10,000 ದಾಟಿ ನಗದಾಗಿ ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ವ್ಯಾಪಾರದ ಖರ್ಚು ಅಂತ ಒಪ್ಪುವುದಿಲ್ಲ, ಬೇರರ್ ಚೆಕ್ಕಿನಲ್ಲಿ ಕೊಟ್ಟರೂ ಅಷ್ಟೆ. ಇದು ಗೊತ್ತಿದ್ದರೆ ಮಾತಾಡುವ ದಾರಿ ಬೇರೆಯಾಗುತ್ತದೆ. ಮುಂದಿನ ವರ್ಷ ಅದೇ ಫ್ಯಾಕ್ಟರಿಯವರಿಗೆ ನಾನು ಮೊದಲೇ ಹೇಳಿದೆ: ಹನ್ನೆರಡು ಜನಕ್ಕೂ ಬೇರೆ ಬೇರೆ ವೋಚರ್ ಮಾಡಿ, ಅವರವರ ಪಾಲು ಅವರವರಿಗೆ ಕೊಡಿ, ಅವರೇ ಸಹಿ ಹಾಕುತ್ತಾರೆ. ದುಡಿದವರು ಹನ್ನೆರಡು ಜನ ಅನ್ನುವುದು ನಿಜವೇ ಅಲ್ವಾ? ತಕರಾರಿಲ್ಲದೆ ಒಪ್ಪಿದರು.

ಬರೀ ಎರಡು ಗೆರೆ ಮಾತ್ರ ಇದ್ದರೆ ಇನ್ನೊಂದು ಉಪಾಯ ಉಂಟು. ಬರೆದವರು ಗೆರೆಯನ್ನು ರದ್ದು ಮಾಡಿ, ಅಲ್ಲಿ ‘ಪೇ ಕ್ಯಾಷ್’ ಅಂತ ಬರೆದು ಪೂರ್ತಿ ಸಹಿ ಹಾಕಬಹುದು. ಅವರೇ ಹಾಕಬೇಕು, ನಾವು ಗೀಚಿದರೆ ಅಪರಾಧ. ಆದರೆ ತಿದ್ದಿದ ಚೆಕ್ ಕಂಡರೆ ಬ್ಯಾಂಕಿನವರಿಗೆ ಆಗುವುದಿಲ್ಲ. ಹಳೆಯದನ್ನು ವಾಪಸ್ ಕೊಟ್ಟು ಹೊಸ ಚೆಕ್ ಬರೆಸಿಕೊಳ್ಳುವುದೇ ವಾಸಿ.

“ನಮ್ಮ ಭಾವನ ಖಾತೆಗೆ ಹಾಕೋಣ ಬಿಡಣ್ಣ” ಅಂದ ಒಬ್ಬ ಹುಡುಗ. ಅಕೌಂಟ್ ಪೇಯಿ ಅಂದರೆ ಹೆಸರಿದ್ದವರ ಖಾತೆಗೇ ಹೋಗಬೇಕು. ಹಿಂದೆ ಸಹಿ ಹಾಕಿ ಇನ್ನೊಬ್ಬರಿಗೆ ಬಿಟ್ಟುಕೊಡುವುದು ಅಲ್ಲಿ ನಡೆಯುವುದಿಲ್ಲ. ಕಮಿಷನ್ ಹಿಡಿದು ಚೆಕ್ ಪಾಸ್ ಮಾಡಿಸಿಕೊಡುತ್ತೇನೆ ಅನ್ನುವವರ ಸಹವಾಸ ಇದೇ ಕಾರಣಕ್ಕೆ ಬೇಡ. ಭಾವನಿಗೆ ಆಗದ್ದು ಅವರಿಗೂ ಆಗುವುದಿಲ್ಲ.

ಆ 42,000 ನನ್ನ ಕೈ ಸೇರಿದ್ದು ನಮ್ಮೂರ ಪತ್ತಿನ ಸಹಕಾರ ಸಂಘದಿಂದ. ಈ ದಾರಿ ಬಹಳ ಜನರಿಗೆ ಗೊತ್ತೇ ಇಲ್ಲ. ಸಂಘದಲ್ಲಿ ನನಗೆ ಪಾಲು ಇತ್ತು, ಉಳಿತಾಯದ ಪಾಸ್‌ಬುಕ್ಕೂ ಇತ್ತು. ಸಂಘ ಬ್ಯಾಂಕಲ್ಲ, ಆದರೆ ಸಂಘಕ್ಕೆ ಪೇಟೆಯ ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಸದಸ್ಯನ ಹೆಸರಿನ ಅಕೌಂಟ್ ಪೇಯಿ ಚೆಕ್ಕನ್ನು ಸಂಘ ತನ್ನ ಖಾತೆಗೆ ಹಾಕಿಸಿ ವಸೂಲು ಮಾಡಿಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, 50,000ದ ಒಳಗಿನ ಚೆಕ್ ಆದರೆ. ದುಡ್ಡು ಬಂದ ಮೇಲೆ ಆ ಸದಸ್ಯನ ಲೆಕ್ಕಕ್ಕೇ ಜಮೆ ಮಾಡುತ್ತೇವೆ ಅಂತ ಸಂಘ ಬ್ಯಾಂಕಿಗೆ ಬರೆದುಕೊಡಬೇಕು. ನಮ್ಮ ಸೆಕ್ರೆಟರಿ ಮೊದಲು ರಾಗ ಎಳೆದರು. “ಬ್ಯಾಂಕಿನವರನ್ನೇ ಒಂದು ಮಾತು ಕೇಳಿ ಸಾರ್” ಅಂದೆ. ಕೇಳಿದರು. ಆಯಿತು. ವಸೂಲಿ ಖರ್ಚು ಅಂತ ಅಲ್ಪಸ್ವಲ್ಪ ಮುರಿದುಕೊಂಡು ಮಿಕ್ಕಿದ್ದು ನನ್ನ ಪಾಸ್‌ಬುಕ್ಕಿಗೆ ಬಂತು. ಸಂಘಗಳೆಲ್ಲ ಒಪ್ಪಲೇಬೇಕು ಅಂತೇನಿಲ್ಲ. ಎಷ್ಟೋ ವರ್ಷದಿಂದ ವ್ಯವಹಾರ ಮಾಡಿದ ಮುಖ ಅಂದರೆ ಬೇಗ ಒಪ್ಪುತ್ತಾರೆ.

ಸಂಘವೂ ಇಲ್ಲ ಅನ್ನುವವರು ಖಾತೆ ತೆಗೆದುಬಿಡಿ. ಚೆಕ್ಕಿಗೆ ಮೂರು ತಿಂಗಳು ಇದೆಯಲ್ಲ, ಅಷ್ಟರಲ್ಲಿ ಆಗುತ್ತದೆ. ಜನಧನ್ ಖಾತೆಗೆ ಪೈಸೆ ಇಡಬೇಕಾಗಿಲ್ಲ. ಆಧಾರ್, ವೋಟರ್ ಕಾರ್ಡ್, ನರೇಗಾ ಜಾಬ್ ಕಾರ್ಡ್, ಇವುಗಳಲ್ಲಿ ಒಂದಿದ್ದರೂ ಆದೀತು. ನಮ್ಮಲ್ಲಿ ಒಬ್ಬ ಹುಡುಗನ ಹತ್ತಿರ ಅದೂ ಇರಲಿಲ್ಲ. ಅಂಥವರಿಗೆ ‘ಸಣ್ಣ ಖಾತೆ’ ಅಂತ ಉಂಟು. ಫೋಟೊ ಕೊಟ್ಟು ಬ್ಯಾಂಕ್ ಅಧಿಕಾರಿಯ ಮುಂದೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಮಿತಿ ಮಾತ್ರ ಬಿಗಿ: ವರ್ಷಕ್ಕೆ ಒಟ್ಟು ಜಮೆ 1 ಲಕ್ಷ, ತಿಂಗಳಿಗೆ ತೆಗೆಯುವುದು 10,000, ಯಾವಾಗಲೂ ಖಾತೆಯಲ್ಲಿ 50,000 ಮೀರಬಾರದು. ಹನ್ನೆರಡು ತಿಂಗಳು ನಡೆಯುತ್ತದೆ. ಅಷ್ಟರೊಳಗೆ ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೊಂದು ವರ್ಷ. ಇದನ್ನು ಹೆಸರು ಹೇಳಿ ಕೇಳಬೇಕು. ಸುಮ್ನೆ “ದಾಖಲೆ ಇಲ್ಲ” ಅಂತ ನಿಂತರೆ ವಾಪಸ್ ಕಳಿಸುವವರೇ ಜಾಸ್ತಿ.

ತಂಡದ ಹೆಸರಿಗೇ ಗೆರೆ ಎಳೆದ ಚೆಕ್ ಬರೆದರೆ ಇದ್ಯಾವುದೂ ನಡೆಯುವುದಿಲ್ಲ, ಹೆಸರು ಬದಲಾಯಿಸಿ ಹೊಸ ಚೆಕ್ ಕೊಡಿ ಅಂತ ಕೇಳಬೇಕು. ಕಡೆಗೆ ನಾವು ತಂಡವನ್ನೇ ಸಂಘ ಅಂತ ನೋಂದಣಿ ಮಾಡಿಸಿದೆವು. ಏಳು ಜನ ಬೇಕು, ನಾವು ಹನ್ನೆರಡಿದ್ದೆವು. ನೋಂದಣಿ ಪತ್ರ, ಠರಾವು, ಪ್ಯಾನ್ ಕೊಟ್ಟು ಖಾತೆ ತೆಗೆದೆವು. ಈಗ ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಕಳಿಸುತ್ತೇನೆ, ಹೆಸರಿನ ಅಕ್ಷರ ಆಚೀಚೆ ಆಗಬಾರದು ನೋಡಿ. ಆ ಗಣಪತಿ ಕಮಿಟಿಯವರು ಮಾತ್ರ ಈಗಲೂ ಬೇರರ್ ಚೆಕ್ಕನ್ನೇ ಕೊಡುತ್ತಾರೆ. ನನ್ನದೇನೂ ತಕರಾರಿಲ್ಲ. ಅವರ ಬ್ರಾಂಚ್ ಬಸ್ ಸ್ಟ್ಯಾಂಡ್ ಎದುರಿಗೇ ಇದೆ.