ನಮಗಿಂತ ಜೋರಾದವರ ಜೊತೆ ಕಾಡುದಾರಿಯಲ್ಲಿ ಎಂಟಿಬಿ (ಮೌಂಟನ್ ಬೈಕ್): ನನ್ನ ಅನುಭವ

ಚಿಕ್ಕಮಗಳೂರಿನ ಸುತ್ತ ಸಪಾಟು ದಾರಿ ಕಡಿಮೆ. ಪೇಟೆಯೇ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಯಾವ ಕಡೆ ಹೊರಟರೂ ಸ್ವಲ್ಪ ಹೊತ್ತಿನಲ್ಲೇ ಏರು ಎದುರಾಗುತ್ತದೆ. ಇಲ್ಲಿನ ಕಾಫಿ ತೋಟದ ದಾರಿಗಳಲ್ಲಿ ನಾನು ಸೈಕಲ್ ತುಳಿಯುವುದು ನನಗಿಂತ ಕಾಲು ಗಟ್ಟಿಯಿರುವ ನಾಲ್ಕೈದು ಜನರ ಜೊತೆ. ಅವರ ಬಲ ನನಗೆ ಬಂದಿಲ್ಲ. ಆದರೆ ಅಂತರ ಬೀಳುವುದು ಎಲ್ಲೆಲ್ಲಿ ಎಂದು ಗಮನಿಸಿ ಆ ಜಾಗಗಳನ್ನಷ್ಟೇ ಸರಿಮಾಡಿಕೊಂಡ ಮೇಲೆ ಇಡೀ ದಿನ ಅವರ ಜೊತೆ ಇರುವುದು ಸಾಧ್ಯವಾಗಿದೆ.

ಅಂತರ ಬೀಳುವ ಮೊದಲ ಜಾಗ ಏರಿನ ಬುಡ. ಜೋರು ಸವಾರರು ಅಲ್ಲಿ ಮಾತಾಡಿಕೊಂಡೇ ಹತ್ತುತ್ತಾರೆ. ಅದೇ ವೇಗ ನಮಗೆ ಏದುಸಿರಿನ ವೇಗ. ಅವರ ಹಿಂಚಕ್ರ ಬಿಡಬಾರದೆಂದು ಐದು ನಿಮಿಷ ಜಿದ್ದಿಗೆ ಬಿದ್ದು ತುಳಿದರೆ ತೊಡೆ ಕಲ್ಲಾಗುತ್ತದೆ, ಆ ಏರು ಮುಗಿಯುವವರೆಗೂ ಸುಧಾರಿಸುವುದಿಲ್ಲ. ಡಾಂಬರು ರಸ್ತೆಯಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡರೆ ಎದುರು ಗಾಳಿ ತಪ್ಪಿ ಲಾಭವಾಗುತ್ತದೆ. ಗಂಟೆಗೆ ಐದಾರು ಕಿ.ಮೀ. ವೇಗದ ಕಾಡಿನ ಏರಿನಲ್ಲಿ ಆ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಸೆಣಸಬೇಕಾದದ್ದು ತೂಕದ ಜೊತೆ, ಅದನ್ನು ಅವರವರೇ ಹೊರಬೇಕು. ಹಾಗಾಗಿ ಬುಡದಲ್ಲಿ ಅವರನ್ನು ಹೋಗಲು ಬಿಡುತ್ತೇನೆ. ಮೊದಲ ಹತ್ತು ನಿಮಿಷ ಪೂರ್ತಿ ವಾಕ್ಯ ಆಡಲು ಉಸಿರು ಸಾಲುವಷ್ಟೇ ತುಳಿತ. ಆಮೇಲೆ ನಾಲ್ಕೈದು ಪದಕ್ಕೆ ಸಾಲುವಷ್ಟು. ಒಂದೊಂದೇ ಪದ ಹೊರಡುತ್ತಿದ್ದರೆ ಹೆಚ್ಚಾಯಿತೆಂದು ಗೇರು ಇಳಿಸುತ್ತೇನೆ. ಹೃದಯ ಬಡಿತ ತೋರಿಸುವ ವಾಚಿಗಿಂತ ಈ ಲೆಕ್ಕ ನನಗೆ ಹೆಚ್ಚು ನಂಬಿಕೆಯದು, ಏಕೆಂದರೆ ಕುಲುಕುವ ದಾರಿಯಲ್ಲಿ ಮಣಿಕಟ್ಟಿನ ಓದು ಆಗಾಗ ತಪ್ಪುತ್ತದೆ.

ಹೀಗೆ ನಿಧಾನವಾಗಿ ತುಳಿಯಬೇಕೆಂದರೆ ಅದಕ್ಕೆ ತಕ್ಕ ಗೇರು ಬೇಕು. ನನ್ನ ಸೈಕಲ್ಲಿಗೆ ಮುಂದೆ ಪೆಡಲಿನ ಬಳಿ 34 ಹಲ್ಲಿನ ಚೈನ್‌ರಿಂಗ್ ಇತ್ತು, ಹಿಂದೆ 10ರಿಂದ 51 ಹಲ್ಲಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಸಾಗುತ್ತದೆ. 34–51ರಲ್ಲಿ ಪೆಡಲ್ ಒಂದು ಸುತ್ತಿಗೆ 1.53 ಮೀಟರ್, ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5.5 ಕಿ.ಮೀ. 30 ಹಲ್ಲಿನದು ಹಾಕಿದರೆ ಅದೇ 60 ಸುತ್ತಿಗೆ 4.9 ಕಿ.ಮೀ. ಕೇಳುವುದಕ್ಕೆ ಅರ್ಧ ಕಿಲೋಮೀಟರು. ಆದರೆ ಶೇ. 15ರ ಏರಿನಲ್ಲಿ ಕುಳಿತು ತುಳಿಯುವುದಕ್ಕೂ ಇಳಿದು ತಳ್ಳುವುದಕ್ಕೂ ಇರುವ ಅಂತರ ಅಷ್ಟೇ. 30ಕ್ಕೆ ಬದಲಿಸಿದೆ. ಚೈನಿನಿಂದ ಎರಡು ಕೊಂಡಿ, ಒಂದು ಒಳಗಿನದು ಒಂದು ಹೊರಗಿನದು, ತೆಗೆಯಬೇಕಾಯಿತು. ಕೊಳ್ಳುವ ಮುಂಚೆ ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ಆ ರಿಂಗ್ ಕೂರುವ ಬಗೆ ಯಾವುದು, ಬೋಲ್ಟಿನದೋ ನೇರವಾಗಿ ಕೂರುವುದೋ, ನೋಡಿಕೊಳ್ಳಬೇಕು. ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ. ಜೋರು ಸವಾರರ ಸೈಕಲ್ಲಿನಲ್ಲಿ ಏನಿದೆಯೋ ಅದನ್ನೇ ಹಾಕಿಸಿಕೊಳ್ಳುವುದು ಹಲವರು ಮಾಡುವ ತಪ್ಪು. ಅವರ 34 ಅವರ ಕಾಲಿಗೆ.

ಗೇರು ಇಳಿಸುವ ಹೊತ್ತು ಕೂಡ ಮುಖ್ಯ. ಏರು ಕಡಿದಾದ ಮೇಲೆ, ಪೆಡಲಿನ ಮೇಲೆ ಪೂರ್ತಿ ಭಾರ ಇರುವಾಗ ಗೇರು ಒತ್ತಿದರೆ ಚೈನು ಕಟಕಟ ಎಂದು ಹಲ್ಲಿನ ಮೇಲೆ ಹಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಎರಡು ಮೂರು ಸುತ್ತು ಮುಂಚೆಯೇ ಇಳಿಸಿ, ಗೇರು ಬದಲಾಗುವ ಅರ್ಧ ಸುತ್ತು ಕಾಲು ಸಡಿಲ ಬಿಡಬೇಕು. ಕಡಿದಾದಲ್ಲಿ ಎದ್ದು ನಿಂತು ತುಳಿದರೆ ಸಡಿಲ ಮಣ್ಣಿನಲ್ಲಿ ಹಿಂಚಕ್ರ ಸುಮ್ಮನೆ ತಿರುಗುತ್ತದೆ. ತೀರಾ ಹಿಂದೆ ಕುಳಿತರೆ ಮುಂಚಕ್ರ ಏಳುತ್ತದೆ. ಸೀಟಿನ ಮೂತಿಗೆ ಸರಿದು, ಎದೆ ಬಗ್ಗಿಸಿ, ಮೊಣಕೈ ಕೆಳಗಿಳಿಸಿದರೆ ಎರಡೂ ಚಕ್ರ ನೆಲ ಬಿಡುವುದಿಲ್ಲ. ನಡುವೆ ಕಾಲಿಟ್ಟು ನಿಂತುಬಿಟ್ಟರೆ ಮತ್ತೆ ಹೊರಡಲು ಸೈಕಲನ್ನು ದಾರಿಗೆ ಓರೆಯಾಗಿ ತಿರುಗಿಸುತ್ತೇನೆ. ಹಿಂದಿನ ಬ್ರೇಕು ಹಿಡಿದು, ಒಂದು ಪೆಡಲನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ತಂದು, ಅದನ್ನು ಒತ್ತುತ್ತಲೇ ಬ್ರೇಕು ಬಿಡುವುದು. ಎಲ್ಲಕ್ಕಿಂತ ಹಗುರ ಗೇರಿನಲ್ಲಿ ಹೊರಟರೆ ಚಕ್ರ ಜಾರುತ್ತದೆ, ಅದಕ್ಕಿಂತ ಒಂದು ಭಾರದ ಗೇರು ಸರಿ.

ಟೈರಿನ ಗಾಳಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಖರ್ಚಿಲ್ಲದೆ ಸಿಗುವ ಸುಧಾರಣೆ ಇದೊಂದೇ. ನನ್ನ ತೂಕ 66 ಕೆ.ಜಿ. ಮುಂದೆ 2.4, ಹಿಂದೆ 2.3 ಇಂಚಿನ ಟ್ಯೂಬ್‌ಲೆಸ್ ಟೈರು. ಮಳೆ ಬಿದ್ದ ಬೇರು, ಕೆಸರಿಗೆ ಗಾಳಿಯ ಒತ್ತಡ ಮುಂದೆ 20, ಹಿಂದೆ 23 ಪಿಎಸ್‌ಐ. ಒಣ ಕಲ್ಲುದಾರಿಗೆ 22 ಮತ್ತು 25. ಗಾಳಿ ಹೆಚ್ಚಿದ್ದರೆ ಟೈರು ಬೇರಿನ ಮೇಲೆ ಪುಟಿಯುತ್ತದೆ, ಕಡಿಮೆಯಿದ್ದರೆ ಬೇರನ್ನು ಅಪ್ಪಿಕೊಂಡು ದಾಟುತ್ತದೆ. ತೀರಾ ಕಡಿಮೆಯಾದರೆ ಕಲ್ಲಿಗೆ ರಿಮ್ಮೇ ಹೊಡೆಯುತ್ತದೆ, ತಿರುವಿನಲ್ಲಿ ಟೈರು ಮಡಚಿ ಗಾಳಿ ಬುಸ್ ಎಂದು ಹೋಗುತ್ತದೆ. ಟ್ಯೂಬು ಹಾಕಿದ್ದರೆ 28ಕ್ಕಿಂತ ಕೆಳಗೆ ಇಳಿಯಬಾರದು; ಕಲ್ಲು ಮತ್ತು ರಿಮ್ಮಿನ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತದೆ. ನೆಲದ ಪಂಪಿನ ಮುಳ್ಳು ಇಷ್ಟು ಕಡಿಮೆ ಗಾಳಿಯಲ್ಲಿ ಸರಿಯಾಗಿ ತೋರಿಸುವುದಿಲ್ಲ, ಡಿಜಿಟಲ್ ಗೇಜ್ ಬೇರೆಯೇ ಇಟ್ಟುಕೊಳ್ಳಬೇಕು. ಎರಡು ಪಿಎಸ್‌ಐ ಹೆಚ್ಚುಕಡಿಮೆ ಕೈಯಿಂದ ಒತ್ತಿ ನೋಡಿದರೆ ತಿಳಿಯುವುದಿಲ್ಲ, ಬೇರಿನ ಮೇಲೆ ತಿಳಿಯುತ್ತದೆ. ತೂತು ಬಿದ್ದರೆ ಒಳಗಿಂದಲೇ ಮುಚ್ಚುವ ದ್ರವ, ಸೀಲೆಂಟ್, ಒಂದೊಂದು ಟೈರಿಗೆ 100 ಮಿ.ಲೀ. ನಮ್ಮ ಬೇಸಗೆಯಲ್ಲಿ ಅದು ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಕುಲುಕುವ ಸದ್ದು ಬರದಿದ್ದರೆ ತುಂಬಿಸುವ ಹೊತ್ತು ಬಂದಿದೆ ಎಂದರ್ಥ.

ಇಳಿಜಾರಿನಲ್ಲಿ ನಮ್ಮ ಕಡೆಯ ದೊಡ್ಡ ಶತ್ರು ಸಿಲ್ವರ್ ಓಕ್ ಎಲೆ. ಬೇಸಗೆಯಲ್ಲಿ ಅದು ಒಂದು ಗೇಣು ದಪ್ಪ ಬಿದ್ದಿರುತ್ತದೆ. ಕೆಳಗಿನ ಕೊರಕಲು, ಕಲ್ಲು ಯಾವುದೂ ಕಾಣುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ನೀರಿಗೆಂದು ಹಾಕಿದ ಸ್ಪ್ರಿಂಕ್ಲರ್ ಪೈಪು ದಾರಿಗೆ ಅಡ್ಡ ಮಲಗಿರುವುದೂ ಅದರಡಿಯಲ್ಲೇ. ಎಲೆಯ ಮೇಲೆ ಬ್ರೇಕು ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ಗಟ್ಟಿ ಮಣ್ಣು ಕಾಣುವಲ್ಲೇ ವೇಗ ಇಳಿಸಿ, ಎಲೆ, ಬೇರು, ಪಾಚಿ ಕಲ್ಲಿನ ಮೇಲೆ ಬ್ರೇಕು ಬಿಟ್ಟು ನೇರವಾಗಿ ಸಾಗಬೇಕು.

ಒದ್ದೆಯಾದ ಮರದ ಬೇರನ್ನು ದಾಟುವುದನ್ನೇ ನೋಡಿ. ದಾರಿಗೆ ಓರೆಯಾಗಿ ಹರಿದ, ಸಿಪ್ಪೆ ಸವೆದು ಹೊಳೆಯುವ ಬೇರು. ಓರೆಯಾಗಿಯೇ ಹತ್ತಿದರೆ ಮುಂಚಕ್ರ ಬೇರಿನ ಉದ್ದಕ್ಕೂ ಜಾರಿ ಹೋಗುತ್ತದೆ. ಮೂರು ನಾಲ್ಕು ಮೀಟರ್ ಮುಂಚೆಯೇ ದಾರಿಯ ಒಂದು ಅಂಚಿಗೆ ಸರಿದು, ಚಕ್ರ ಬೇರಿಗೆ ಅಡ್ಡವಾಗಿ, ಆದಷ್ಟೂ ಲಂಬವಾಗಿ ಬರುವಂತೆ ನೇರ ಮಾಡಿಕೊಳ್ಳಬೇಕು. ಪೆಡಲ್ ಎರಡೂ ಸಮ, ಹಿಮ್ಮಡಿ ಕೆಳಗೆ, ಮುಂಚಕ್ರ ಮುಟ್ಟುವ ಕ್ಷಣ ಹ್ಯಾಂಡಲ್ ಹಗುರ, ಬೆರಳು ಬ್ರೇಕಿನ ಮೇಲಿದ್ದರೂ ಒತ್ತಡ ಇಲ್ಲ. ಹಿಂಚಕ್ರ ದಾಟಿದ ಮೇಲಷ್ಟೇ ಬ್ರೇಕು. ಹೆದರಿ ತೀರಾ ಹಿಂದಕ್ಕೆ ವಾಲಿದರೆ ಮುಂಚಕ್ರದ ಹಿಡಿತ ಹೋಗಿ ಅಲ್ಲೇ ಬೀಳುವುದು.

ಜೋರು ಸವಾರರಿಂದ ಹೆಚ್ಚು ಕಲಿಯುವುದು ಇಳಿಜಾರಿನಲ್ಲೇ. ಆದರೆ ಅವರ ಹಿಂಚಕ್ರ ನೋಡುತ್ತಾ ಹೋದರೆ ಅವರು ಹಾರಿದ ಕಲ್ಲು ನಮ್ಮ ಮುಂದೆ ದಿಢೀರ್ ಎಂದು ಬರುತ್ತದೆ. ನಾಲ್ಕೈದು ಸೈಕಲ್ಲಿನಷ್ಟು ಜಾಗ ಬಿಟ್ಟು, ಅವರ ಭುಜ ಯಾವ ಕಡೆ ವಾಲಿತು, ಎಲ್ಲಿ ಬ್ರೇಕಿನ ಸದ್ದು ಬಂತು, ಅದನ್ನು ಹಿಡಿದುಕೊಳ್ಳಬೇಕು. ಎರಡೂ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದರೆ ಡಿಸ್ಕು ಕಾದು ಹಿಡಿತ ಕುಂದುತ್ತದೆ, ಮುಂಗೈಯೂ ಸೋಲುತ್ತದೆ. ಮಳೆಗಾಲದ ಕೆಸರಿನಲ್ಲಿ ಬ್ರೇಕಿನ ರೆಸಿನ್ ಪ್ಯಾಡು ಬಹಳ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡು ಹೆಚ್ಚು ಬಾಳುತ್ತದೆ, ಸದ್ದು ಜಾಸ್ತಿ. ರೆಸಿನ್ ಮಾತ್ರ ಎಂದು ಬರೆದಿರುವ ಡಿಸ್ಕಿಗೆ ಮೆಟಲ್ ಪ್ಯಾಡು ಹಾಕಬಾರದು. ಪ್ಯಾಡಿನ ಪದರ 0.5 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು.

ಗುಂಪಿನ ಕ್ರಮವನ್ನು ಹೊರಡುವ ಮುಂಚೆಯೇ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಪ್ರತಿ ಕವಲಿನಲ್ಲೂ ಮುಂದಿನವರು ನಿಲ್ಲಬೇಕು. ಕೊನೆಯವರು ಬಂದ ಮೇಲೆ ಮೂರು ನಿಮಿಷ ಎಲ್ಲರೂ ನಿಲ್ಲಬೇಕು, ಲೆಕ್ಕ ಶುರುವಾಗುವುದು ಅವರು ಬಂದ ಮೇಲೆ. ಇದಿಲ್ಲದಿದ್ದರೆ ಬಲ ಇರುವವರಿಗೆ ಹತ್ತು ನಿಮಿಷ ವಿಶ್ರಾಂತಿ, ಬೇಕಾದವರಿಗೆ ಒಂದು ಗುಟುಕು ನೀರಿಗೂ ಬಿಡುವಿಲ್ಲ. ಪ್ರತಿ ಕವಲಿನಲ್ಲೂ ಅಂತರ ಬೆಳೆಯುತ್ತದೆ. ಎಲ್ಲರಿಗಿಂತ ಹಿಂದೆ ಬರುವವರು ಬಲವಾದ ಸವಾರರೇ ಆಗಿರಬೇಕು, ದೊಡ್ಡ ಪಂಪು, ರಿಪೇರಿ ಸಾಮಾನು ಅವರ ಬಳಿ. ಮೊಬೈಲ್ ಸಿಗ್ನಲ್ ಕಣಿವೆಯಲ್ಲಿ ಸಿಗುವುದಿಲ್ಲ, ಎಲ್ಲರ ಫೋನಿನಲ್ಲೂ ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು, ಕೊರಳಿಗೊಂದು ಸೀಟಿ.

ತಿನ್ನುವುದಕ್ಕೆ ಹಸಿವಾಗುವವರೆಗೆ ಕಾಯಬಾರದು. ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹೋಗಬೇಕು, ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ. ಎರಡು ಏಲಕ್ಕಿ ಬಾಳೆ, 20 ಗ್ರಾಂ ಬೆಲ್ಲ ಸೇರಿದರೆ ಸರಿಸುಮಾರು ಅಷ್ಟಾಯಿತು. ನೀರು ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ.

ಇನ್ನು ದಾರಿಯ ಹಕ್ಕು. ಭದ್ರಾ ಅಭಯಾರಣ್ಯದ ಒಳಗೆ ಅನುಮತಿಯಿಲ್ಲದೆ ಚಕ್ರ ಇಡುವಂತಿಲ್ಲ. ತೋಟಗಳು ಖಾಸಗಿ, ಹಿಂದಿನ ದಿನವೇ ಮಾಲೀಕರನ್ನೋ ತೋಟದ ಕೆಲಸ, ಲೆಕ್ಕ ನೋಡುವ ರೈಟರನ್ನೋ ಕೇಳಬೇಕು. "ಅಣ್ಣ, ನಾಳೆ ಬೆಳಿಗ್ಗೆ ಐದು ಸೈಕಲ್ ಈ ಕಡೆಯಿಂದ ಹೋಗ್ತೀವಿ, ಆನೆ ಗೀನೆ ಏನಾದ್ರೂ ಉಂಟಾ?" ಎಂದು ಕೇಳಿದರೆ ಅನುಮತಿಯೂ ಸುದ್ದಿಯೂ ಒಟ್ಟಿಗೇ ಸಿಗುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹಣ್ಣು ಕುಯ್ಯುವವರು ದಾರಿಯಲ್ಲಿ ಮೂಟೆ ಹೊತ್ತು ಬರುತ್ತಿರುತ್ತಾರೆ, ಆಗ ಇಳಿದು ಸೈಕಲ್ ತಳ್ಳಿಕೊಂಡು ಹೋಗುವುದೇ ಸರಿ. ಉಣುಗೋಲು (ದಾರಿಗೆ ಅಡ್ಡ ಹಾಕಿದ ಗಳ) ಸರಿಸಿ ಒಳಗೆ ಹೋದರೆ ಮತ್ತೆ ಹಾಕುವ ಜವಾಬ್ದಾರಿ ಕೊನೆಯವರದು.

ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರದ ಕಡೆ ತೋಟದೊಳಗೇ ಕಾಡಾನೆ ಇರುತ್ತದೆ. ಸೈಕಲ್ಲಿಗೆ ಸದ್ದಿಲ್ಲ, ಆನೆಗೆ ನಾವು ಬಂದದ್ದು ತಿಳಿಯುವುದೇ ಇಲ್ಲ. ಅಪಾಯ ಇರುವುದೇ ಅಲ್ಲಿ. ಬೆಳಿಗ್ಗೆ ಏಳರ ಮುಂಚೆ, ಸಂಜೆ ಐದರ ನಂತರ ಆ ದಾರಿ ಬೇಡ. ಕಾಣದ ತಿರುವಿನಲ್ಲಿ ಜೋರಾಗಿ ಮಾತಾಡಬೇಕು. ಸೀಳಿ ಕೆಡವಿದ ಬೈನೆ ಮರ, ಹಸಿ ಲದ್ದಿ ಕಂಡರೆ ಮುಂದಿನ ಮಾತಿಲ್ಲ, ಬಂದ ದಾರಿಗೇ ವಾಪಸ್. ಇಂಥ ಕಡೆ ಜೋರು ಸವಾರರು ಮುಂದೆ ಓಡಬಾರದು, ಎಲ್ಲರೂ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು.

ನನ್ನ ಚೀಲದಲ್ಲಿ ಇರುವುದು: ಒಂದು ಟ್ಯೂಬು, ಟ್ಯೂಬ್‌ಲೆಸ್ ಪ್ಲಗ್ಗು, ಚಿಕ್ಕ ಪಂಪು, ಚೈನ್ ಕತ್ತರಿಸುವ ಟೂಲು, ತುಂಡಾದ ಚೈನು ಜೋಡಿಸಲು ಎರಡು ಕ್ವಿಕ್ ಲಿಂಕ್, ಅಲನ್ ಕೀಗಳು, ಟೈರು ಸೀಳಿದರೆ ಒಳಗಿಡಲು ಹಳೆ ಟೈರಿನ ನಾಲ್ಕು ಇಂಚಿನ ತುಂಡು, ಮತ್ತೆ ಡಿರೇಲರ್ ಹ್ಯಾಂಗರ್, ಅಂದರೆ ಹಿಂದೆ ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು. ಕೊನೆಯದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಬಲಗಡೆಗೆ ಬಿದ್ದರೆ ಮೊದಲು ಬಾಗುವುದು ಅದೇ. ಬಾಗಿದ್ದು ಗೊತ್ತಾಗದೆ ಹಗುರ ಗೇರಿಗೆ ಹಾಕಿದರೆ ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿ ಚಕ್ರವೇ ಹೋಗುತ್ತದೆ. ಒಂದೊಂದು ಫ್ರೇಮಿನದು ಒಂದೊಂದು ಆಕಾರ, ಬೇರೆಯವರದ್ದು ಉಪಯೋಗಕ್ಕೆ ಬರುವುದಿಲ್ಲ. ಬಿದ್ದಮೇಲೆ ಹೊರಡುವ ಮುಂಚೆ ಹಿಂದೆ ನಿಂತು, ಡಿರೇಲರಿನ ಎರಡು ಪುಟ್ಟ ಚಕ್ರ ಕ್ಯಾಸೆಟ್ಟಿನ ಹಲ್ಲಿಗೆ ನೇರದಲ್ಲಿವೆಯೇ ಎಂದು ನೋಡಬೇಕು.

ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳಕ್ಕೆ (ಜಿಗಣೆಗೆ) ಕಾಲುಚೀಲದ ಮೇಲೆ ಹೊಗೆಸೊಪ್ಪಿನ ಪುಡಿ, ಸುಣ್ಣ ಸವರುತ್ತೇವೆ. ಹೊಳೆ ದಾಟಿದ ಮೇಲೆ ಮತ್ತೆ ಸವರಬೇಕು. ಮನೆಗೆ ಬಂದು ತೊಳೆಯುವಾಗ ಕಾರು ತೊಳೆಯುವ ಪ್ರೆಶರ್ ಪಂಪನ್ನು ಹಬ್ಬು, ಪೆಡಲ್ ಬುಡದ ಬೇರಿಂಗಿಗೆ ಹಿಡಿಯಬಾರದು, ನೀರು ಒಳಗೆ ನುಗ್ಗಿ ಗ್ರೀಸು ತೊಳೆದುಹೋಗುತ್ತದೆ. ಬಕೆಟ್ ನೀರು, ಬ್ರಷ್ಷು ಸಾಕು. ಚೈನು ಬಟ್ಟೆಯಲ್ಲಿ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷದ ಮೇಲೆ ಮೇಲಿನ ಎಣ್ಣೆ ಪೂರ್ತಿ ಒರೆಸಿಬಿಡಬೇಕು. ಉಳಿದರೆ ಮರುದಿನದ ಧೂಳೆಲ್ಲ ಅದಕ್ಕೇ ಅಂಟುತ್ತದೆ.